ಎಮ್ಮೆಯ ಹಲ್ಲು

ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿಲ್ಲ, ಕ್ಷಮಿಸಿ.
ಮಕ್ಕಳಿಗೆ? ಮಕ್ಕಳಿಗೂ ಇಲ್ಲ.
ಕಾಯುವವರ ಪಟ್ಟಿ? ಆ ಪಟ್ಟಿಯನ್ನೇ ಮುಚ್ಚಿದ್ದೇವೆ.
ಹೀಗೆ ಲೋಸ್ಟಾಫ್ಟ್‌ನ ಏಳು ಬಾಗಿಲು, ಆಮೇಲೆ ಬೆಕಲ್ಸ್‌ನ ಎರಡು.
ರಾತ್ರಿಪಾಳಿ ಮುಗಿಸಿ ಬಂದು, ಕೋಟು ಬಿಚ್ಚದೆ,
ಅಡುಗೆಮನೆಯ ಸ್ಟೂಲಿನ ಮೇಲೆ ಕೂತು
ಎಂಟಕ್ಕೆ ಅವರ ಫೋನಿಗೆ ಜೀವ ಬರುವುದನ್ನು ಕಾಯುತ್ತ.

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ.
ಗಾದೆ ಕಟ್ಟಿದವರು ಈ ಊರಿಗೆ ಬಂದಿರಲಿಲ್ಲ.
ಇಲ್ಲಿ ಎರಡೂ ಇವೆ. ಅಂಗಡಿಯಲ್ಲಿ ಕಡಲೆ, ಡಬ್ಬಿ ಡಬ್ಬಿ.
ಬಾಯಿಯೊಳಗೆ ಇಣುಕಿ ನೋಡುವವರೇ ಇಲ್ಲ.

ಶಾಂಭವಿಗೆ ಹದಿಮೂರು. ಮೇಲಿನ ಕೋರೆಹಲ್ಲು
ಜಾಗ ಸಿಗದೆ, ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತವನಂತೆ
ಹೊರಗೆ ಜೋತುಬಿದ್ದಿದೆ.
ಫೋಟೋದಲ್ಲಿ ತುಟಿ ಮುಚ್ಚಿ ನಗುತ್ತಾಳೆ.
ನನಗೂ ಅದೇ ಹಲ್ಲು; ಅದೃಷ್ಟದ್ದು ಅಂದಿದ್ದರು ದೊಡ್ಡತ್ತೆ.
ಹಲ್ಲು ನಾನು ಕೊಟ್ಟೆ. ಅದೃಷ್ಟ ಯಾರು ಕೊಡಬೇಕೋ.

ನನ್ನ ಕೆಲಸದಲ್ಲಿ ಹಲ್ಲಿಗೆ ಬರವಿಲ್ಲ:
ವೃದ್ಧಾಶ್ರಮದಲ್ಲಿ ರಾತ್ರಿ ಹತ್ತಕ್ಕೆ ಹನ್ನೊಂದು ಸೆಟ್ಟು, ಹನ್ನೊಂದು ಲೋಟ,
ಲೋಟಕ್ಕೊಂದು ಹೆಸರಿನ ಚೀಟಿ.
ಒಮ್ಮೆ ಅದಲುಬದಲಾಗಿ ಮಿಸ್ಟರ್ ಥರ್ಟಲ್
ಬೆಳಗಿನ ತಿಂಡಿಗೆ ಇನ್ನೊಬ್ಬರ ನಗು ಹಾಕಿಕೊಂಡು ಬಂದಿದ್ದರು.

ಬ್ರಶ್ಶಿನಿಂದ ಉಜ್ಜುತ್ತ ಡೊರೀನ್ ಕ್ಯಾಚ್‌ಪೋಲ್ ಅವರಿಗೆ
ಮಗಳ ವಿಷಯ ಹೇಳಿದೆ. ತೊಂಬತ್ತೆರಡು ಅವರಿಗೆ.
ಬೋಳು ಬಾಯಿಯ ಮಾತು, ಅರ್ಧ ಗಾಳಿ:
"ನನ್ನವನ್ನು ಎಲ್ಲಾ ಕೀಳಿಸಿದರು. ಒಂದೇ ಶನಿವಾರ.
ಮದುವೆಗೆ ಮುಂಚೆ. ಅಪ್ಪನ ಉಡುಗೊರೆ.
ಗಂಡನಿಗೆ ಮುಂದೆ ಖರ್ಚು ಬೀಳಬಾರದು ನೋಡು."
ಹುಳುಕಾಗಿದ್ದವೇ? ಅಂದೆ.
"ಎರಡು," ಅಂದರು. ಬೆರಳೂ ಎರಡೇ ಎತ್ತಿದರು.

ಕೊನೆಗೆ ಬಂಗೇ ಎಂಬ ಊರಿನಲ್ಲಿ, ಮೀನಿನಂಗಡಿಯ ಮೇಲಿನ ಮಹಡಿ,
ಯಾರೋ ಊರು ಬಿಟ್ಟು ಖಾಲಿಯಾದ ಒಂದು ಜಾಗ.
ಅಲ್ಲಿಂದ ಚೀಟಿ ಹಿಡಿದು ನಾರಿಚ್‌ಗೆ.
ಡಾಕ್ಟರ್ ಅಡೆಯಿಂಕಾ ಪ್ಲಾಸ್ಟಿಕ್ ದವಡೆ ತೆರೆದು ತೋರಿಸಿದರು:
ಹಲ್ಲಿನ ಬೇರಿನ ಸುತ್ತ ಸಣ್ಣ ನಾರಿನ ತೊಟ್ಟಿಲು,
ತಂತಿ ಒತ್ತಿದ ಕಡೆ ಮೂಳೆ ತಾನೇ ಕರಗಿ ದಾರಿ ಬಿಡುತ್ತದಂತೆ,
ಬಿಟ್ಟ ಬೆನ್ನಿಗೆ ಹೊಸ ಮೂಳೆ ಬಂದು ತುಂಬುತ್ತದಂತೆ.
ತಿಂಗಳಿಗೆ ಒಂದು ಮಿಲಿಮೀಟರ್.
ಜೋರು ಮಾಡಿದರೆ ಬೇರು ಸವೆಯುತ್ತದೆ.
ಜಾಗಕ್ಕಾಗಿ ಮೇಲೆರಡು ಹಲ್ಲು ತೆಗೆಯಬೇಕು.
ತಂತಿ ಬಿಚ್ಚಿದ ಮೇಲೂ ರಾತ್ರಿ ಒಂದು ಅಚ್ಚು ಹಾಕಬೇಕು,
ಇಲ್ಲವಾದರೆ ಹಲ್ಲು ಹಳೆಯ ಜಾಗಕ್ಕೇ ಹೊರಡುತ್ತದೆ.
ಎಷ್ಟು ವರ್ಷ? ಹಲ್ಲು ಇರುವಷ್ಟು ವರ್ಷ.

ದುಡ್ಡಿನ ಮಾತು ನನ್ನ ಗಂಟಲಲ್ಲೇ ಇತ್ತು.
ಅಂಕ ಹಾಕುವ ಪಟ್ಟಿ ಇದೆಯಂತೆ, ಸೊಟ್ಟಕ್ಕೂ ದರ್ಜೆ;
ನಮ್ಮದು ನಾಲ್ಕನೆಯದು. ಪಾಸು. ಪೂರ್ತಿ ಉಚಿತ.
ಮಗಳ ಹಲ್ಲು ಸಾಕಷ್ಟು ಸೊಟ್ಟಗಿದ್ದದ್ದಕ್ಕೆ ದೇವರಿಗೆ ಕೈ ಮುಗಿದ ತಾಯಿ
ನಾರಿಚ್‌ನಲ್ಲಿ ಅಂದು ನಾನೊಬ್ಬಳೇ ಇರಬೇಕು.
ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಿದ್ದಳು ಅವ್ವ.
ಸಹಿ ಹಾಕಿದೆ, ಏನೂ ಎಣಿಸದೆ.

ಮೊದಲ ರಾತ್ರಿ ಅತ್ತಳು. ಗಂಜಿ, ಮೊಸರು, ಮತ್ತೆ ಗಂಜಿ.
ಕೆನ್ನೆ ಚುಚ್ಚುವ ತಂತಿಗೆ ಮೇಣದ ಗುಳಿಗೆ.
ಚಕ್ಕುಲಿಯ ಡಬ್ಬಿಯನ್ನು ಬೀರುವಿನಲ್ಲಿ ಬಟ್ಟೆಯ ಹಿಂದೆ ಬಚ್ಚಿಟ್ಟೆ;
ವಾರದೊಳಗೆ ಕರುಂ ಎಂದ ಸದ್ದು, ಒಂದು ಬ್ರಾಕೆಟ್ ಕೈಗೆ.
"ನಿದ್ದೆಯಲ್ಲಿ ಬಿತ್ತು" ಎಂದಳು. ತುಟಿಯ ಮೇಲೆ ಎಳ್ಳು.

ಭಾನುವಾರ ಅವಳನ್ನು ಕರೆದುಕೊಂಡು ಹೋದೆ.
ಡೊರೀನ್ ಕನ್ನಡಕ ಹಾಕಿ, ಹಲ್ಲಿನ ಸೆಟ್ಟು ಲೋಟದಲ್ಲೇ ಬಿಟ್ಟು,
ಶಾಂಭವಿಯ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು.
ನೇರಳೆ ರಬ್ಬರು, ನಡುವೆ ಪಾಲಕ್ ಸೊಪ್ಪಿನ ಚೂರು.
ನಾಚಿ ಬಾಯಿ ಮುಚ್ಚಹೊರಟವಳನ್ನು ತಡೆದು
ನಡುಗುವ ಬೆರಳಿಟ್ಟು ಎಣಿಸತೊಡಗಿದರು, ಒಂದೊಂದೇ,
ಗಲ್ಲಾಪೆಟ್ಟಿಗೆಯ ಚಿಲ್ಲರೆ ಎಣಿಸುವವರ ಹಾಗೆ.
ಇಪ್ಪತ್ತಾರು.
ತಪ್ಪಿತೇನೋ ಎಂದು ಮತ್ತೆ ಮೊದಲಿನಿಂದ.
ನಾನು ಬೇಡ ಅನ್ನಲಿಲ್ಲ.